ಹೆಸರಿಲ್ಲದ ಐಎಸ್ಎ ಸೌಂಡ್ ಕಾರ್ಡ್: ಡ್ರೈವರ್ ಎಲ್ಲಿ ಹುಡುಕುವುದು? (ಡಾಸ್ + ವಿಂಡೋಸ್ 98)

ಪಡುಬಿದ್ರಿ_ಪಿಸಿ · ಶನಿವಾರ ಬೆಳಿಗ್ಗೆ 10:12
ಬೈಕಂಪಾಡಿ ಕಡೆಯ ಗುಜರಿಯಿಂದ ಬಂದ ಪೆಂಟಿಯಂ 2 ಮೆಷಿನ್ ಒಂದುಂಟು. 440ಬಿಎಕ್ಸ್ ಬೋರ್ಡ್, 64 ಎಂಬಿ ರ್‍ಯಾಮ್, ವಿಂಡೋಸ್ 98 ಎಸ್ಇ. ಉದ್ದದ ಕಪ್ಪು ಸ್ಲಾಟಿನಲ್ಲಿ (ಹಳೆಯ ಐಎಸ್ಎ) ಸೌಂಡ್ ಕಾರ್ಡ್. ಕಂಪೆನಿ ಹೆಸರಿಲ್ಲ, ಹಿಂದೆ "ಸೌಂಡ್ 16" ಅಂತ ಸ್ಟಿಕ್ಕರ್ ಮಾತ್ರ. ಸೌಂಡ್ ಬ್ಲಾಸ್ಟರ್ 16ರ ಡ್ರೈವರ್ ಹಾಕಿದ್ರೆ ಕಾರ್ಡೇ ಸಿಗಲಿಲ್ಲ ಅಂತದೆ. ವಿಂಡೋಸ್‌ನಲ್ಲಿ ಹಳದಿ ಪ್ರಶ್ನೆ ಚಿಹ್ನೆ, ಡಾಸ್ ಆಟಗಳಲ್ಲಿ ಶಬ್ದ ಇಲ್ಲ. ಹಳೆ ಯಕ್ಷಗಾನ ಕ್ಯಾಸೆಟ್‌ಗಳನ್ನೂ ಇದರಲ್ಲೇ ತುಂಬಿಸುವ ಅಂತ ಲೆಕ್ಕ. ಡ್ರೈವರ್ ಎಲ್ಲಿ ಸಿಗ್ತದೆ?

ಕದ್ರಿ486 · 10:20
ಸ್ಟಿಕ್ಕರ್ ನಂಬ್ಬೇಡಿ. ದೊಡ್ಡ ಚಿಪ್ಪಿನ ಮೇಲೆ ಎಂತ ಬರೆದಿದೆ?

ಸ್ಲಾಟ್_ಶೆಟ್ಟಿ · 10:31
ಕದ್ರಿಯವರು ಹೇಳಿದ್ದೇ ಮೊದಲ ಕೆಲಸ. ಆ ಕಾಲದ ಅಸೆಂಬಲ್ಡ್ ಪಿಸಿಗಳ ಕಾರ್ಡ್‌ಗಳಲ್ಲಿ ಹೆಚ್ಚಿನವಕ್ಕೆ ಸ್ವಂತ ಹೆಸರೇ ಇಲ್ಲ. ಯಾರೋ ಬೋರ್ಡ್ ಮಾಡಿದ್ದು, ಇನ್ಯಾರೋ ಡಬ್ಬಿ ಹಾಕಿದ್ದು. ಆದ್ರೆ ಒಳಗಿನ ಚಿಪ್ ನಾಲ್ಕೈದು ಕಂಪೆನಿಗಳದ್ದೇ. ಡ್ರೈವರ್ ಹುಡುಕುವುದು ಚಿಪ್ಪಿನ ಹೆಸರಲ್ಲಿ, ಕಾರ್ಡಿನ ಹೆಸರಲ್ಲಿ ಅಲ್ಲ.

ಇಎಸ್ ಅಂತ ಶುರುವಾಗಿ 688, 1688, 1868, 1869 ಇದ್ರೆ ಇಎಸ್ಎಸ್. ವೈಎಂಎಫ್ 718, 719 ಇದ್ರೆ ಯಮಹಾ ಓಪಿಎಲ್3-ಎಸ್ಎ. ಸಿಎಸ್ 4232ರಿಂದ 4237ರವರೆಗೆ ಕ್ರಿಸ್ಟಲ್. 82ಸಿ929, 930, 931 ಓಪ್ಟಿ. ಎಎಲ್ಎಸ್100, 120 ಅವಾನ್ಸ್ ಲಾಜಿಕ್. ಸಿಎಂಐ8330 ಸಿ-ಮೀಡಿಯಾ. ನಿಜವಾದ ಕ್ರಿಯೇಟಿವ್ ಕಾರ್ಡ್ ಆದ್ರೆ ಬೋರ್ಡಿನ ಮೇಲೆಯೇ ಸಿಟಿ ಅಂತ ಬರೆದು ನಾಲ್ಕಂಕಿ ಇರ್ತದೆ: ಸಿಟಿ1740, ಸಿಟಿ2940, ಸಿಟಿ4170 ಹೀಗೆ. ಆ ನಂಬ್ರ ಇಲ್ಲಾಂದ್ರೆ ಕ್ರಿಯೇಟಿವ್ ಡ್ರೈವರ್ ಮುಟ್ಟುವುದೇ ಬೇಡ.

ಚಿಪ್ಪಿನ ಮೇಲೆ ಧೂಳು ಕೂತಿದ್ರೆ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಹಾಕಿದ ಹತ್ತಿಯಿಂದ ಒರೆಸಿ, ಟಾರ್ಚನ್ನು ಬದಿಯಿಂದ ಹಿಡಿದು ನೋಡಿ. ನೇರ ಬೆಳಕಿನಲ್ಲಿ ಆ ಬೂದು ಅಕ್ಷರ ಕಾಣುವುದಿಲ್ಲ.

ಪಡುಬಿದ್ರಿ_ಪಿಸಿ · 11:05
ಇಎಸ್ಎಸ್ ಆಡಿಯೊಡ್ರೈವ್, ಇಎಸ್1868ಎಫ್.

ಮಣಿಪಾಲ_ಬಿಟ್ಸ್ · 11:09
ಹಾಗಾದ್ರೆ ಅದು 16 ಬಿಟ್ ಚಿಪ್. ಸೌಂಡ್ ಬ್ಲಾಸ್ಟರ್ 16 ಅಂತಲೇ ಹಾಕ್ಬಹುದು, ಆಗ್ಬೇಕು.

ಕದ್ರಿ486 · 11:13
ಆಗುದಿಲ್ಲ. ಚಿಪ್ 16 ಬಿಟ್ ಹೌದು, ಆದ್ರೆ ಅದು ನಕಲು ಮಾಡುವುದು ಸೌಂಡ್ ಬ್ಲಾಸ್ಟರ್ ಪ್ರೊವನ್ನು. ಎಸ್‌ಬಿ16ರ ಡಿಎಸ್‌ಪಿ ಆಜ್ಞೆಗಳೂ ಇದರಲ್ಲಿಲ್ಲ, ಮೇಲಿನ ಡಿಎಂಎ 5 (ಮೆಮೊರಿಯಿಂದ ಕಾರ್ಡಿಗೆ ನೇರ ಡೇಟಾ ಹೋಗುವ ದಾರಿ) ಕೂಡ ಇಲ್ಲ. 16 ಬಿಟ್ ಬೇಕಾದ್ರೆ ಇಎಸ್ಎಸ್‌ನ ಸ್ವಂತ ರಿಜಿಸ್ಟರ್‌ಗಳ ಮೂಲಕ ಹೋಗ್ಬೇಕು. ವಿಂಡೋಸ್ ಡ್ರೈವರ್ ಮಾಡುವುದು ಅದನ್ನೇ. ಡಾಸ್ ಆಟಗಳ ಸೆಟಪ್‌ನಲ್ಲಿ "ಸೌಂಡ್ ಬ್ಲಾಸ್ಟರ್ ಪ್ರೊ" ಆರಿಸಿ. ಕೆಲವು ಕೊನೆಕಾಲದ ಆಟಗಳಲ್ಲಿ "ಇಎಸ್ಎಸ್ ಆಡಿಯೊಡ್ರೈವ್" ಅಂತಲೇ ಆಯ್ಕೆ ಇರ್ತದೆ. ಕಂಡ್ರೆ ಅದನ್ನೇ ಒತ್ತಿ, 16 ಬಿಟ್ ಸಿಗ್ತದೆ.

ಮಣಿಪಾಲ_ಬಿಟ್ಸ್ · 11:15
ಸರಿ, ತಪ್ಪಾಯ್ತು.

ಕರಿಪರದೆ · 11:40
ಡಾಸ್ ವಿಷಯದಲ್ಲಿ ಎಲ್ಲರೂ ಮಾಡುವ ಒಂದು ತಪ್ಪು ಹೇಳ್ತೇನೆ. "ಡಾಸ್ ಡ್ರೈವರ್" ಅಂತ ಹುಡುಕ್ತಾರೆ. ಡಾಸ್‌ನಲ್ಲಿ ವಿಂಡೋಸ್‌ನ ಹಾಗೆ ಎಲ್ಲರಿಗೂ ಹಂಚುವ ಒಂದು ಡ್ರೈವರ್ ಅಂತ ಇಲ್ಲವೇ ಇಲ್ಲ. ಪ್ರತಿ ಆಟವೂ ನೇರ ಕಾರ್ಡಿನ ಜೊತೆ ಮಾತಾಡ್ತದೆ. ನಮಗೆ ಬೇಕಾದದ್ದು ಎರಡೇ: ಕಾರ್ಡನ್ನು ಎಬ್ಬಿಸುವ ಒಂದು ಸಣ್ಣ ಪ್ರೋಗ್ರಾಂ, ಮತ್ತೆ ಕಾರ್ಡ್ ಎಲ್ಲಿ ಕೂತಿದೆ ಅಂತ ಆಟಕ್ಕೆ ಹೇಳುವ ಒಂದು ಸಾಲು.

1868 ಪ್ಲಗ್ ಅಂಡ್ ಪ್ಲೇ ಚಿಪ್. ಪವರ್ ಕೊಟ್ಟ ಕೂಡಲೇ ಅದಕ್ಕೆ ವಿಳಾಸವೇ ಇರುವುದಿಲ್ಲ, ನಿದ್ರೆಯಲ್ಲಿರ್ತದೆ. ಬಯಾಸ್ ಎಬ್ಬಿಸಿದ್ರೆ ಸರಿ, ಇಲ್ಲಾಂದ್ರೆ ಇಎಸ್ಎಸ್‌ನ ಡಾಸ್ ಕಟ್ಟಿನಲ್ಲಿರುವ ಇಎಸ್ಎಸ್‌ಸಿಎಫ್‌ಜಿ ಎಬ್ಬಿಸ್ತದೆ. ಸ್ವರ ಹೆಚ್ಚು ಕಡಿಮೆ ಮಾಡ್ಲಿಕ್ಕೆ ಅದರ ಜೊತೆಗೇ ಇಎಸ್ಎಸ್‌ವೋಲ್. ಅದು ಸಿಗದಿದ್ರೆ ಯೂನಿಸೌಂಡ್ ಅಂತ ಒಂದು ಉಚಿತ ಪ್ರೋಗ್ರಾಂ ಉಂಟು. ಹಲವು ಕಂಪೆನಿಗಳ ಐಎಸ್ಎ ಪ್ಲಗ್ ಅಂಡ್ ಪ್ಲೇ ಕಾರ್ಡ್‌ಗಳಿಗೆ ಅದೊಂದೇ ಸಾಕು, ಮೆಮೊರಿಯಲ್ಲಿ ಕೂತುಕೊಳ್ಳುವುದೂ ಇಲ್ಲ.

ಆಟೊಎಕ್ಸೆಕ್‌ನಲ್ಲಿ (ಡಾಸ್ ಶುರುವಾಗುವಾಗ ಓಡುವ ಫೈಲು) ಮೊದಲು ಈ ಸಾಲು:
ಸೆಟ್ ಬ್ಲಾಸ್ಟರ್=ಎ220 ಐ5 ಡಿ1 ಪಿ330 ಟಿ4
(ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ. ಸಮ ಚಿಹ್ನೆಯ ಆಚೀಚೆ ಜಾಗ ಬಿಡ್ಬೇಡಿ, ಬಿಟ್ರೆ ಆಟಕ್ಕೆ ಸಿಗುದಿಲ್ಲ.) ಕೆಳಗಿನ ಸಾಲಿನಲ್ಲಿ ಯೂನಿಸೌಂಡ್. ಅದು ಮೇಲಿನ ಸಾಲನ್ನು ಓದಿಯೇ ಕಾರ್ಡನ್ನು ಕೂರಿಸುವುದು, ಹಾಗಾಗಿ ಸಾಲುಗಳು ಅದಲು ಬದಲಾಗಬಾರದು.

ಎ ಅಂದ್ರೆ ವಿಳಾಸ, ಐ ಇಂಟರಪ್ಟ್ (ಕಾರ್ಡ್ ಪ್ರೊಸೆಸರನ್ನು ಕರೆಯುವ ಗೆರೆ), ಡಿ ಡಿಎಂಎ, ಪಿ ಮಿಡಿ ಪೋರ್ಟ್, ಟಿ ಕಾರ್ಡಿನ ಜಾತಿ. ಟಿ4 ಪ್ರೊ, ಟಿ6 ಎಸ್‌ಬಿ16. ಇಎಸ್ಎಸ್‌ಗೆ ಟಿ6 ಬರೆದ್ರೆ ಕೆಲವು ಆಟಗಳು ಎಚ್5 (16 ಬಿಟ್‌ನ ಡಿಎಂಎ 5) ಹುಡುಕಿ ಅಲ್ಲೇ ಗಂಟಲು ಹಿಡಿದುಕೊಳ್ತವೆ.

ಬೆಸುಗೆ_ಭಟ್ · 11:58
ಡ್ರೈವರ್‌ಗೆ ಮೊದಲು ಕಾರ್ಡನ್ನು ಒಮ್ಮೆ ಹೊರಗೆ ತೆಗೀರಿ ಮಾರಾಯ್ರೆ. ಗುಜರಿಯದ್ದು, ಅದೂ ನಮ್ಮ ಕರಾವಳಿಯದ್ದು. ಉಪ್ಪುಗಾಳಿ ಕುಡಿದ ಸ್ಲಾಟು, ಆಟಿಯಲ್ಲಿ ಬೂಷ್ಟು. ಕಾರ್ಡಿನ ಚಿನ್ನದ ಹಲ್ಲುಗಳು ಮಂಕಾಗಿದ್ರೆ ಪ್ಲಗ್ ಅಂಡ್ ಪ್ಲೇ ಪತ್ತೆಯೇ ಆಗುದಿಲ್ಲ, ನೀವು ವಾರಗಟ್ಟಲೆ ಡ್ರೈವರ್ ಹುಡುಕ್ತಾ ಕೂತುಕೊಳ್ತೀರಿ.

99 ಶೇಕಡಾ ಐಪಿಎ, ನೂಲು ಬಿಡದ ಬಟ್ಟೆ. ಹಲ್ಲಿನ ಉದ್ದಕ್ಕೆ ಒರೆಸಿ, ಅಡ್ಡಕ್ಕೆ ಬೇಡ. ಹೋಗದಿದ್ರೆ ಮಾತ್ರ ಬಿಳಿ ಪೆನ್ಸಿಲ್ ರಬ್ಬರಿನಿಂದ ಎರಡೇ ಸಲ ಹಗುರಕ್ಕೆ. ಚಿನ್ನದ ಪದರ ತೆಳು, ಶಾಯಿ ಅಳಿಸುವ ಒರಟು ರಬ್ಬರ್ ಹಾಕಿದ್ರೆ ತಾಮ್ರ ಹೊರಗೆ ಬರ್ತದೆ. ಸ್ಲಾಟಿಗೆ ಐಪಿಎ ಹಾಕಿ ಕಾರ್ಡನ್ನು ನಾಲ್ಕೈದು ಸಲ ಒಳಗೆ ಹೊರಗೆ ಮಾಡಿ, ಒಣಗಿದ ಮೇಲೆ ಪವರ್.

ವಿದ್ಯುದ್ವಿಚ್ಛೇದಕ ಕೆಪಾಸಿಟರ್‌ಗಳ ಬುಡ ನೋಡಿ (ಎಲೆಕ್ಟ್ರೋಲಿಟಿಕ್ ಅಂದ್ರೆ ಬೇಗ ಗೊತ್ತಾಗ್ತದಾ?). ಕಂದು ಕಲೆ ಇದ್ರೆ ಬದಲಾಯಿಸಿ, ಅದೇ ಮೈಕ್ರೊಫ್ಯಾರಡ್, ವೋಲ್ಟೇಜ್ ಅಷ್ಟೇ ಅಥವಾ ಹೆಚ್ಚು. ಒಂದು ಬದಿಯ ಸ್ಪೀಕರ್ ಮಾತ್ರ ಸಣ್ಣಕ್ಕೆ ಕೇಳಿದ್ರೆ ಹೆಚ್ಚಾಗಿ ಔಟ್‌ಪುಟ್ ಕೆಪಾಸಿಟರಿನದ್ದೇ ಕೆಲಸ, ಡ್ರೈವರಿನದ್ದಲ್ಲ.

ಕಾಪು_ಲೈಟ್‌ಹೌಸ್ · 12:02
"ವಿದ್ಯುದ್ವಿಚ್ಛೇದಕ" 😄 ಭಟ್ರೆ, ಪಿಯುಸಿ ಪುಸ್ತಕದಿಂದ ಇಳಿಸಿದ್ದಾ?

ಬೆಸುಗೆ_ಭಟ್ · 12:03
ಕನ್ನಡದ ವೇದಿಕೆ ಅಲ್ಲವಾ!

ಸ್ಲಾಟ್_ಶೆಟ್ಟಿ · 12:30
ವಿಂಡೋಸ್ ಕಡೆ. 98 ಎಸ್ಇಯ ಸಿಡಿಯೊಳಗೆ ಇಎಸ್ಎಸ್ 1868ಕ್ಕೆ ಡ್ರೈವರ್ ಸಾಮಾನ್ಯವಾಗಿ ಉಂಟು. ಸಿಡಿಯ ವಿನ್98 ಫೋಲ್ಡರನ್ನೇ ಹಾರ್ಡ್ ಡಿಸ್ಕಿಗೆ ಕಾಪಿ ಮಾಡಿಟ್ಟುಕೊಳ್ಳಿ, ಮತ್ತೆ ಮತ್ತೆ ಸಿಡಿ ಕೇಳುವುದು ತಪ್ತದೆ. ಎಸ್‌ಬಿ16ರ ಡ್ರೈವರ್ ಹಾಕಿದ್ರಲ್ಲ, ಅದನ್ನು ಮೊದಲು ತೆಗೀಬೇಕು. ಸೇಫ್ ಮೋಡಿನಲ್ಲಿ ಹೋಗಿ ಡಿವೈಸ್ ಮ್ಯಾನೇಜರ್ ನೋಡಿ. ಸಾಮಾನ್ಯ ಮೋಡಿನಲ್ಲಿ ಕಾಣದ ಪ್ರೇತಗಳೆಲ್ಲ ಅಲ್ಲಿ ಸಾಲಾಗಿ ಕೂತಿರ್ತವೆ. ಸೌಂಡಿಗೆ ಸಂಬಂಧಪಟ್ಟದ್ದನ್ನೆಲ್ಲ ಅಳಿಸಿ, ರಿಸ್ಟಾರ್ಟ್.

ಹೊಸ ಹಾರ್ಡ್‌ವೇರ್ ಕಿಟಕಿ ಬಂದಾಗ ಫೋಲ್ಡರ್ ತೋರಿಸಿ. ಸೆಟಪ್ ಪ್ರೋಗ್ರಾಂ ಓಡಿಸ್ಬೇಡಿ. ಬೇಕಾದದ್ದು ಐಎನ್ಎಫ್ ಫೈಲ್ (ಡ್ರೈವರ್ ಯಾವ ಚಿಪ್ಪಿಗೆ ಅಂತ ಬರೆದಿರುವುದು) ಒಂದೇ. ನೋಟ್‌ಪ್ಯಾಡಿನಲ್ಲಿ ತೆರೆದು ಇಎಸ್ಎಸ್1868 ಅಂತ ಹುಡುಕಿ. ಆ ಪದ ಒಳಗೆ ಇಲ್ಲಾಂದ್ರೆ ಆ ಡ್ರೈವರ್ ನಿಮ್ಮದಲ್ಲ, ಹೊರಗಿನ ಹೆಸರು ಎಂತದ್ದೇ ಇರಲಿ. ಈ ಒಂದು ಪರೀಕ್ಷೆಗೆ ಹತ್ತು ಸೆಕೆಂಡು.

ಮಲ್ಪೆ_ಮಿಡಿ · 12:41
ಡಾಸ್ ಆಟಗಳನ್ನು 98ರ ಒಳಗೇ ಆಡುವುದಾದ್ರೆ ವಿಎಕ್ಸ್‌ಡಿ (ವಿಂಡೋಸ್ 95 ಕಾಲದ ಹಳೆ ಮಾದರಿ) ಡ್ರೈವರ್ ಹುಡುಕಿ, ಡಬ್ಲ್ಯುಡಿಎಂ (98ರಿಂದ ಬಂದ ಹೊಸ ಮಾದರಿ) ಬೇಡ.

ಮಣಿಪಾಲ_ಬಿಟ್ಸ್ · 12:44
ಯಾಕೆ? ಡಬ್ಲ್ಯುಡಿಎಂ ಹೊಸತು, ಸ್ಥಿರ. ಎಕ್ಸ್‌ಪಿಯಲ್ಲೂ ಅದೇ ಬಳಸುವುದು.

ಮಲ್ಪೆ_ಮಿಡಿ · 12:56
ಎಕ್ಸ್‌ಪಿಗೆ ಸರಿ, ಅಲ್ಲಿ ಬೇರೆ ದಾರಿಯೂ ಇಲ್ಲ. 98ರಲ್ಲಿ ವಿಎಕ್ಸ್‌ಡಿ ಇದ್ರೆ ಡಾಸ್ ಕಿಟಕಿಯ ಆಟಕ್ಕೆ ಐಎಸ್ಎ ಕಾರ್ಡಿನ ನಿಜವಾದ ಪೋರ್ಟ್‌ಗಳೇ ಸಿಗ್ತವೆ, ಎಫ್ಎಂ (ಚಿಪ್ಪೇ ಹುಟ್ಟಿಸುವ ಸಂಗೀತ, ರೇಡಿಯೊ ಅಲ್ಲ) ಕೂಡ ಚಿಪ್ಪಿನದ್ದೇ. ಡಬ್ಲ್ಯುಡಿಎಂ ಹಾಕಿದ್ರೆ ಆಟಕ್ಕೆ ಕಾಣುವುದು ವಿಂಡೋಸ್ ನಟಿಸುವ ಸೌಂಡ್ ಬ್ಲಾಸ್ಟರ್, ಶಬ್ದ ಕರ್ನಲ್ ಮಿಕ್ಸರಿನ ಸುತ್ತು ಹಾಕಿ ಬರ್ತದೆ. ಒಂದಿಷ್ಟು ತಡ, ಕೆಲವು ಆಟಗಳಲ್ಲಿ ಕೊಚಕೊಚ. ವಿಂಡೋಸ್ 95ಕ್ಕಂತೂ ವಿಎಕ್ಸ್‌ಡಿ ಮಾತ್ರ. ಇಎಸ್ಎಸ್‌ನ 95/98 ಕಟ್ಟು ಅಂತ ಸಿಗುವುದು ಹೆಚ್ಚಾಗಿ ಅದೇ.

ಕದ್ರಿ486 · 13:10
ಇದರಲ್ಲಿ ನಾನು ಮಲ್ಪೆಯವರ ಕಡೆ. ಆದ್ರೆ ಆಟಕ್ಕೆ ಶುದ್ಧ ಡಾಸ್‌ಗೆ ಹೋಗುವವರಿಗೆ ಈ ಜಗಳವೇ ಇಲ್ಲ. "ಎಂಎಸ್-ಡಾಸ್ ಮೋಡಿನಲ್ಲಿ ರಿಸ್ಟಾರ್ಟ್" ಒತ್ತಿದಾಗ ಓಡುವುದು ವಿಂಡೋಸ್ ಫೋಲ್ಡರಿನ ಡಾಸ್‌ಸ್ಟಾರ್ಟ್.ಬ್ಯಾಟ್. ಯೂನಿಸೌಂಡ್ ಸಾಲನ್ನು ಅದರಲ್ಲೂ ಹಾಕಿ, ವಿಂಡೋಸ್ ಬಿಟ್ಟುಹೋದ ಜಾಗದಿಂದ ಕಾರ್ಡನ್ನು ಮತ್ತೆ 220, 5, 1ಕ್ಕೆ ತರ್ಲಿಕ್ಕೆ.

ಪಡುಬಿದ್ರಿ_ಪಿಸಿ · 15:22
ಇಷ್ಟೆಲ್ಲ ಸರಿ, ಫೈಲುಗಳು ಎಲ್ಲಿ? ಹುಡುಕಿದ್ರೆ ಬರೀ "ಡ್ರೈವರ್ ಅಪ್‌ಡೇಟರ್" ಇಳಿಸಿ ಅಂತ ಹೇಳುವ ಸೈಟುಗಳು.

ಕರಿಪರದೆ · 15:35
ಅವುಗಳ ಹತ್ತಿರ ಹೋಗ್ಬೇಡಿ. ಒಂದು ಗುರುತು ಹೇಳ್ತೇನೆ: ಆ ಕಾಲದ ಡ್ರೈವರ್ ಅಂದ್ರೆ ಕೆಲವೇ ಎಂಬಿ, ಒಳಗೆ ಐಎನ್ಎಫ್, ವಿಎಕ್ಸ್‌ಡಿ, ಡಿಆರ್‌ವಿ ಫೈಲುಗಳು, ತಾರೀಕು 1990ರ ದಶಕದ್ದು. ಇಳಿದದ್ದು ಒಂದೇ ಇಎಕ್ಸ್‌ಇ ಆಗಿ, ಅದು ಇಂಟರ್ನೆಟ್ ಬೇಕು ಅಂತ ಕೇಳಿದ್ರೆ ಅದು ಡ್ರೈವರ್ ಅಲ್ಲ.

ಮೊದಲು ವೋಗನ್ಸ್ ಅಂತ ಹಳೆ ಪಿಸಿ ಆಟಗಳ ವೇದಿಕೆಯ ಡ್ರೈವರ್ ಭಂಡಾರ. ಚಿಪ್ ಕಂಪೆನಿಯ ಪ್ರಕಾರ ವಿಂಗಡಿಸಿ ಇಟ್ಟಿದ್ದಾರೆ. ಮತ್ತೆ ದಿ ರೆಟ್ರೊ ವೆಬ್. ಅಲ್ಲಿ ಬೋರ್ಡಿನ ಫೋಟೊ ಕೂಡ ಇರುವುದರಿಂದ ಜಂಪರ್ ನೋಡ್ಲಿಕ್ಕೆ ಉಪಕಾರ. ಆಮೇಲೆ ಇಂಟರ್ನೆಟ್ ಆರ್ಕೈವ್‌ನಲ್ಲಿ ಹಳೆ ಡ್ರೈವರ್ ಸಿಡಿಗಳ ಐಎಸ್ಒ. ಅಲ್ಲಿ ಕಾರ್ಡಿನ ಹೆಸರು ಹಾಕಿದ್ರೆ ಎಂತದ್ದೂ ಬರುದಿಲ್ಲ, "ಇಎಸ್1868" ಅಂತ ಹಾಕಿ. ಕಂಪೆನಿಯ ಹಳೆ ಪುಟವನ್ನು ವೇಬ್ಯಾಕ್ ಮೆಷಿನ್‌ನಲ್ಲಿ ತೆರೆಯಬಹುದು, ಆದ್ರೆ ಡೌನ್‌ಲೋಡ್ ಕೊಂಡಿ ಎಫ್‌ಟಿಪಿಗೆ ಹೋಗಿದ್ರೆ ಹೆಚ್ಚಾಗಿ ಫೈಲ್ ಉಳಿದಿರುವುದಿಲ್ಲ. ಕೊಂಡಿಯಲ್ಲಿ ಕಾಣುವ ಫೈಲಿನ ಹೆಸರನ್ನು ಬರೆದುಕೊಂಡು ಅದೇ ಹೆಸರಲ್ಲಿ ಬೇರೆ ಕಡೆ ಹುಡುಕಿ. ಈ ಉಪಾಯ ಬಹಳ ಸಲ ಕೈಹಿಡೀತದೆ.

ಕಾಪು_ಲೈಟ್‌ಹೌಸ್ · 15:50
ಇಳಿಸಿದ ಇಎಕ್ಸ್‌ಇ ನಿಮ್ಮ ಹೊಸ ಲ್ಯಾಪ್‌ಟಾಪಿನಲ್ಲಿ ಬಿಚ್ಚಿಕೊಳ್ಳದಿದ್ರೆ ಹಾಳಾಗಿದೆ ಅಂತ ಎಸೀಬೇಡಿ. 64 ಬಿಟ್ ವಿಂಡೋಸ್ ಹಳೆಯ 16 ಬಿಟ್ ಪ್ರೋಗ್ರಾಂ ಓಡಿಸುವುದೇ ಇಲ್ಲ. 7-ಜಿಪ್‌ನಲ್ಲಿ ತೆರೀರಿ, ಆಗದಿದ್ರೆ ಡಾಸ್‌ಬಾಕ್ಸ್ ಒಳಗೆ ಓಡಿಸಿ ಬಿಚ್ಚಿ.

ದಾಟಿಸ್ಲಿಕ್ಕೆ: 98 ಎಸ್ಇಗೆ ಪೆನ್ ಡ್ರೈವ್ ಸುಮ್ಮನೆ ಕಾಣುದಿಲ್ಲ, ಅದಕ್ಕೇ ಬೇರೆ ಡ್ರೈವರ್ ಬೇಕು. ಸಿಡಿ ಬರೆಯುವುದು ಸುಲಭ. ಇಲ್ಲಾಂದ್ರೆ ಕಾಂಪ್ಯಾಕ್ಟ್ ಫ್ಲಾಶ್-ಐಡಿಇ ಅಡಾಪ್ಟರ್. ಡಾಸ್ ಫೈಲುಗಳು ಮಾತ್ರ ಆದ್ರೆ 1.44 ಎಂಬಿ ಫ್ಲಾಪಿಗೇ ಹಿಡೀತದೆ. ಫ್ಲಾಪಿ ಸಿಗ್ಬೇಕಲ್ಲ, ಅದು ಬೇರೆ ಮಾತು.

ಬೆಸುಗೆ_ಭಟ್ · 15:53
ಫ್ಲಾಪಿ ಸಿಕ್ಕಿದ್ರೂ ಇಲ್ಲಿನ ಮಳೆಗಾಲ ಕಂಡ ಫ್ಲಾಪಿ ಡ್ರೈವಿಗೆ ಹಾಕ್ಬೇಡಿ. ಡಿಸ್ಕಿನ ಬೂಷ್ಟು ಹೆಡ್ಡಿಗೆ ಹತ್ತಿ, ಮತ್ತೆ ಹಾಕಿದ ಎಲ್ಲ ಡಿಸ್ಕನ್ನೂ ಕೆರೀತದೆ. ಗೋಟೆಕ್ (ಪೆನ್ ಡ್ರೈವನ್ನು ಫ್ಲಾಪಿಯ ಹಾಗೆ ತೋರಿಸುವ ಡಬ್ಬಿ) ಹಾಕಿ ಆರಾಮ ಇರಿ.

ಪಡುಬಿದ್ರಿ_ಪಿಸಿ · ಭಾನುವಾರ ಸಂಜೆ 6:18
ಹಲ್ಲು ಒರೆಸಿದೆ, ವಿಂಡೋಸ್‌ನಲ್ಲಿ ಡ್ರೈವರ್ ಕೂತಿತು. ಹಳದಿ ಚಿಹ್ನೆ ಹೋಯ್ತು. ಡಾಸ್‌ನಲ್ಲಿ ಅರ್ಧ ಮಾತ್ರ: ಆಟದ ಸಂಗೀತ ಚಂದ ಬರ್ತದೆ, ಗುಂಡಿನ ಶಬ್ದ ಮಾತ್ರ "ಡಡಡಡ" ಅಂತ ಅದೇ ಚೂರು ತಿರುಗ್ತಾ ಉಂಟು, ಆಮೇಲೆ ಆಟ ಹೆಪ್ಪುಗಟ್ತದೆ.

ಕದ್ರಿ486 · 6:25
ಇಂಟರಪ್ಟ್. ನೂರಕ್ಕೆ ನೂರು.

ಕರಿಪರದೆ · 6:37
ಯಾಕೆ ಅಂದ್ರೆ, ಎಫ್ಎಂ ಸಂಗೀತಕ್ಕೆ 388 ಪೋರ್ಟ್ ಮಾತ್ರ ಸಾಕು, ಇಂಟರಪ್ಟೂ ಬೇಡ ಡಿಎಂಎಯೂ ಬೇಡ. ಹಾಗಾಗಿ ಅದು ಬಂತು. ಗುಂಡು, ಮಾತು ಎಲ್ಲ ಡಿಎಂಎಯಲ್ಲಿ ಚೂರು ಚೂರಾಗಿ ಹೋಗ್ತದೆ. ಒಂದು ಚೂರು ಮುಗಿದಾಗ ಕಾರ್ಡ್ ಇಂಟರಪ್ಟ್ ಹೊಡೆದು "ಮುಂದಿನದ್ದು ಕೊಡು" ಅನ್ಬೇಕು. ಅದು ಪ್ರೊಸೆಸರಿಗೆ ಮುಟ್ಟದಿದ್ರೆ ಹಳೆ ಚೂರೇ ಸುತ್ತು ಹೊಡೀತದೆ. ಚೂರೂ ಕೇಳದೆ ಪೂರ್ತಿ ಮೌನ ಆಗಿದ್ರೆ ಡಿಎಂಎ ತಪ್ಪು ಅಂತ ಲೆಕ್ಕ.

5ನ್ನು ಬೇರೆ ಯಾವುದೋ ಕಾರ್ಡ್ ತಿಂದಿದೆ. ಪಿಸಿಐ (ಐಎಸ್ಎ ನಂತರದ ಸ್ಲಾಟು) ಲ್ಯಾನ್ ಕಾರ್ಡ್ ಉಂಟಾ?

ಪಡುಬಿದ್ರಿ_ಪಿಸಿ · 6:40
ಉಂಟು. ಬೂಟ್ ಆಗುವಾಗ ಬರುವ ಪಟ್ಟಿಯಲ್ಲಿ ನೆಟ್‌ವರ್ಕ್ ಎದುರು 5 ಅಂತಲೇ ತೋರಿಸ್ತದೆ.

ಮಣಿಪಾಲ_ಬಿಟ್ಸ್ · 6:44
ಬಯಾಸ್‌ನಲ್ಲಿ ಐಆರ್‌ಕ್ಯು 5 (ಇಂಟರಪ್ಟ್ 5) ಅನ್ನು "ಲೆಗಸಿ ಐಎಸ್ಎ" ಅಂತ ಮಾಡಿ. ಮುಗೀತು.

ಸ್ಲಾಟ್_ಶೆಟ್ಟಿ · 6:58
ಮುಗೀಲಿಲ್ಲ. ಲೆಗಸಿ ಅನ್ನುವುದು ಜಂಪರ್ ಇರುವ ಹಳೆ ಕಾರ್ಡ್‌ಗಳಿಗೆ ಅಂತ ಇಟ್ಟದ್ದು. ಹಾಗೆ ಕಾಯ್ದಿಟ್ಟ ಮೇಲೆ ಬಯಾಸ್ ಅದನ್ನು ಪಿಸಿಐಗೂ ಕೊಡುದಿಲ್ಲ, ಪ್ಲಗ್ ಅಂಡ್ ಪ್ಲೇ ಕಾರ್ಡಿಗೂ ಕೊಡುದಿಲ್ಲ. ಡಾಸ್‌ನಲ್ಲಿ ಯೂನಿಸೌಂಡ್ ಒತ್ತಾಯದಿಂದ 5ಕ್ಕೆ ಕೂರಿಸುವುದರಿಂದ ನಡೀತದೆ, ಅಷ್ಟು ಒಪ್ತೇನೆ. ಆದ್ರೆ ಮೊದಲು ಮಾಡ್ಬೇಕಾದದ್ದು ಲ್ಯಾನ್ ಕಾರ್ಡನ್ನು ಬೇರೆ ಪಿಸಿಐ ಸ್ಲಾಟಿಗೆ ಹಾಕುವುದು. ಇಂಟರಪ್ಟ್ ಗೆರೆ ಸ್ಲಾಟಿನಿಂದ ಸ್ಲಾಟಿಗೆ ಬೇರೆ. ಮತ್ತೆ ಬಯಾಸ್‌ನಲ್ಲಿ "ರಿಸೆಟ್ ಕಾನ್ಫಿಗರೇಶನ್ ಡೇಟಾ" ಒಮ್ಮೆ ಯೆಸ್ ಮಾಡಿ ಸೇವ್. ಅದಿಲ್ಲದೆ ಹಳೆ ಹಂಚಿಕೆಯೇ ನೆನಪಲ್ಲಿರ್ತದೆ. ಅಲ್ಲೇ "ಪಿಎನ್‌ಪಿ ಓಎಸ್" ಅನ್ನು ನೋ ಮಾಡಿ, ಆಗ ಡಾಸ್‌ಗೆ ಹೋಗುವ ಮೊದಲೇ ಬಯಾಸ್ ಕಾರ್ಡನ್ನು ಎಬ್ಬಿಸ್ತದೆ.

ಇಂಟರಪ್ಟ್ 7ಕ್ಕೆ ಹೋಗುವ ಆಲೋಚನೆ ಬೇಡ, ಅದು ಪ್ರಿಂಟರ್ ಪೋರ್ಟಿನದ್ದು. ಇನ್ನೊಂದು ಮಾತು: ಕಾರ್ಡಿನ ಮೇಲೆ ಸಿಡಿ ಡ್ರೈವಿಗೆ 40 ಪಿನ್ನಿನ ಐಡಿಇ ಜಾಗ ಇದ್ರೆ ಅದನ್ನು ಡಿವೈಸ್ ಮ್ಯಾನೇಜರಿನಲ್ಲಿ ಡಿಸೇಬಲ್ ಮಾಡಿ. ಉಪಯೋಗ ಇಲ್ಲದೆ ಇನ್ನೊಂದು ಇಂಟರಪ್ಟ್ ಹಿಡಿದುಕೊಂಡು ಕೂತಿರ್ತದೆ.

ಉಚ್ಚಿಲ_ಆಂಪ್ · 7:15
ಇದೇ ಚರ್ಚೆಯಲ್ಲಿ ನನ್ನದೊಂದು. ಪಿಸಿಐ ಕಾರ್ಡ್, ಸೌಂಡ್ ಬ್ಲಾಸ್ಟರ್ ಲೈವ್, ಎಸ್‌ಬಿ0200. ಲೈವ್‌ನ ಯಾವ ಡ್ರೈವರೂ ಹಿಡಿಯುದಿಲ್ಲ. ಸತ್ತಿದೆಯಾ?

ಕರಿಪರದೆ · 7:21
ಸತ್ತಿಲ್ಲ, ಹೆಸರು ಮಾತ್ರ ಮೋಸ. ಎಸ್‌ಬಿ0200 ಡೆಲ್ ಕಂಪ್ಯೂಟರ್‌ಗಳಿಗಾಗಿ ಮಾಡಿದ್ದು. ನಿಜವಾದ ಲೈವ್‌ನಲ್ಲಿ ಇಎಂಯು10ಕೆ1 ಚಿಪ್, ಐಡಿ 1102:0002. ನಿಮ್ಮದರಲ್ಲಿ 10ಕೆ1ಎಕ್ಸ್, ಐಡಿ 1102:0006. ಕೊನೆಯ ಒಂದು ಎಕ್ಸ್‌ನಲ್ಲಿ ಎಲ್ಲವೂ ಬೇರೆ. ಡೆಲ್ ಕೊಟ್ಟ ಡ್ರೈವರ್ ಮಾತ್ರ ಆಗ್ತದೆ, ಕೆಎಕ್ಸ್ ಅಂತ ಹೊರಗಿನವರು ಮಾಡಿದ ಡ್ರೈವರೂ ಆಗುದಿಲ್ಲ. ಲಿನಕ್ಸ್‌ನಲ್ಲೂ ಎರಡಕ್ಕೆ ಎರಡು ಮಾಡ್ಯೂಲ್.

ಪಿಸಿಐ ಆದ್ರೆ ಊಹೆಯೇ ಬೇಡ. ಎಕ್ಸ್‌ಪಿಯ ಡಿವೈಸ್ ಮ್ಯಾನೇಜರಿನಲ್ಲಿ ವೆನ್ (ಕಂಪೆನಿ), ಡೆವ್ (ಚಿಪ್) ಅಂತ ಎರಡು ನಂಬ್ರ ತೋರಿಸ್ತದೆ. 98ರಲ್ಲಿ ಆ ಪುಟ ಇಲ್ಲ, ರಿಜಿಸ್ಟ್ರಿಯ ಲೋಕಲ್ ಮೆಷಿನ್ ಕೆಳಗಿನ ಎನಮ್, ಅದರೊಳಗೆ ಪಿಸಿಐ. ಅಥವಾ ಲಿನಕ್ಸ್ ಲೈವ್ ಸಿಡಿ ಹಾಕಿ ಎಲ್ಎಸ್‌ಪಿಸಿಐ -ಎನ್ಎನ್. 1274:1371 ಅಥವಾ 1274:5880 ಕಂಡ್ರೆ ಎನ್‌ಸೋನಿಕ್ ಮೂಲದ ಆಡಿಯೊಪಿಸಿಐ, 13ಎಫ್6:0111 ಸಿಎಂಐ8738, 125ಡಿ:1969 ಇಎಸ್ಎಸ್ ಸೋಲೊ-1.

ಮಲ್ಪೆ_ಮಿಡಿ · 7:30
ಮತ್ತೆ ಲೈವ್ ಅನ್ನು ಡಾಸ್‌ಗೆ ಅಂತ ತೆಗೊಳ್ಬೇಡಿ. ಅದರ ಡಾಸ್ ನಟನೆಗೆ ಇಎಂಎಂ386 (ಡಾಸ್‌ನ ಮೆಮೊರಿ ನೋಡಿಕೊಳ್ಳುವ ಪ್ರೋಗ್ರಾಂ) ಬೇಕೇ ಬೇಕು, ಸ್ವಂತ ಪ್ರೊಟೆಕ್ಟೆಡ್ ಮೋಡಿಗೆ ಹೋಗುವ ಕೆಲವು ಆಟಗಳು ಅದರ ಜೊತೆ ಹೊಂದಿಕೊಳ್ಳುವುದೇ ಇಲ್ಲ.

ಪಡುಬಿದ್ರಿ_ಪಿಸಿ · 8:47
ಲ್ಯಾನ್ ಕಾರ್ಡ್ ಕೆಳಗಿನ ಸ್ಲಾಟಿಗೆ ಹೋಯ್ತು, ಈಗ 11ಕ್ಕೆ ಕೂತಿದೆ. ಗುಂಡೂ ಹಾರ್ತದೆ, ಮಾತೂ ಬರ್ತದೆ! ಎಫ್ಎಂ ಸ್ವಲ್ಪ ಬೇರೆ ಥರ ಕೇಳ್ತದೆ, ಯಮಹಾ ಹಾಗೆ ಇಲ್ಲ.

ಮಲ್ಪೆ_ಮಿಡಿ · 8:52
ಅದು ಇಎಸ್ಎಫ್ಎಂ, ಇಎಸ್ಎಸ್ ತಾವೇ ಮಾಡಿದ್ದು. ಯಮಹಾದ ಓಪಿಎಲ್3ರ ಜೊತೆ ಹೊಂದಿಕೊಳ್ತದೆ, ಆದ್ರೆ ಅದೇ ಅಲ್ಲ. ಬೇಸ್ ಸ್ವರಗಳಲ್ಲಿ ವ್ಯತ್ಯಾಸ ಬೇಗ ಗೊತ್ತಾಗ್ತದೆ. ನನಗೆ ಕೇಳಿದ್ರೆ ನಕಲುಗಳಲ್ಲೆಲ್ಲ ಇದೇ ಉತ್ತಮ.

ಕದ್ರಿ486 · 8:54
ಯಮಹಾ ಯಮಹಾವೇ.

ಮಲ್ಪೆ_ಮಿಡಿ · 8:55
ಶುರುವಾಯ್ತು.

ಪಡುಬಿದ್ರಿ_ಪಿಸಿ · 9:03
ಕ್ಯಾಸೆಟ್ ವಿಷಯ ಯಾರೂ ಹೇಳ್ಲಿಲ್ಲ.

ಮಣಿಪಾಲ_ಬಿಟ್ಸ್ · 9:08
ಅದಕ್ಕೆ ಈ ಕಾರ್ಡ್ ಬೇಡ ಅಂತ ನನ್ನ ಅಭಿಪ್ರಾಯ. ಪೆಟ್ಟಿಗೆಯೊಳಗಿನ ಗದ್ದಲವೆಲ್ಲ ರೆಕಾರ್ಡಿಂಗಿಗೆ ಬರ್ತದೆ, ಹಾರ್ಡ್ ಡಿಸ್ಕ್ ತಿರುಗಿದ್ದೂ ಕೇಳ್ತದೆ. ಲೈನ್-ಇನ್ ಇರುವ ಸಾಧಾರಣ ಯುಎಸ್‌ಬಿ ಆಡಿಯೊ ಡಬ್ಬಿ ತೆಗೊಂಡು ಲ್ಯಾಪ್‌ಟಾಪಿನಲ್ಲಿ ಮಾಡಿ. ಈ ಸಲ ನಾನು ಸರಿ ಅಲ್ವಾ ಕದ್ರಿಯವರೇ?

ಕದ್ರಿ486 · 9:11
ಈ ಸಲ ಸರಿ 🙂

ಬೆಸುಗೆ_ಭಟ್ · 9:34
ಸರಿಯೇ, ಆದ್ರೂ ಇದರಲ್ಲೇ ಮಾಡ್ಬೇಕು ಅಂತಿದ್ರೆ ಗದ್ದಲ ಅರ್ಧಕ್ಕಿಂತ ಹೆಚ್ಚು ಇಳಿಸ್ಬಹುದು. ಕಾರ್ಡನ್ನು ವಿಡಿಯೊ ಕಾರ್ಡಿನಿಂದ ಆದಷ್ಟು ದೂರದ ಸ್ಲಾಟಿಗೆ ಹಾಕಿ. ಮಿಕ್ಸರಿನಲ್ಲಿ ಮೈಕ್, ಸಿಡಿ, ಪಿಸಿ ಸ್ಪೀಕರ್ ಎಲ್ಲ ಮ್ಯೂಟ್, ಲೈನ್-ಇನ್ ಒಂದೇ ತೆರೆದಿರಲಿ. ಡೆಕ್ಕಿನ ಲೈನ್ ಔಟ್‌ನಿಂದ ಲೈನ್-ಇನ್‌ಗೆ, ಎರಡು ಆರ್‌ಸಿಎಯಿಂದ 3.5 ಮಿಮೀ ಸ್ಟೀರಿಯೊ ಕೇಬಲ್. ಮೈಕ್ ತೂತಿಗೆ ಚುಚ್ಚಬೇಡಿ. ಗುಂಯ್ ಅಂತ ಕೇಳಿದ್ರೆ ಡೆಕ್ ಮತ್ತು ಪಿಸಿ ಎರಡನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಿ, ಅರ್ತಿಂಗ್ ಸುತ್ತು ತಪ್ತದೆ.

44.1 ಕಿಲೊಹರ್ಟ್ಸ್, 16 ಬಿಟ್, ಸ್ಟೀರಿಯೊ. 60 ನಿಮಿಷದ ಕ್ಯಾಸೆಟಿಗೆ ಸುಮಾರು 635 ಎಂಬಿ ಆಗ್ತದೆ, ಡಿಸ್ಕಿನಲ್ಲಿ ಅದರ ಎರಡರಷ್ಟು ಜಾಗ ಇರಲಿ. ಒಂದೊಂದು ಬದಿಗೆ ಒಂದೊಂದು ಫೈಲ್. ಭಾಗವತರ ಪದ್ಯ ಕೇಳಿ ಲೆವೆಲ್ ಇಟ್ರೆ ಚೆಂಡೆ ಬಿದ್ದ ಕೂಡಲೇ ಕೆಂಪು ಹೊಡೀತದೆ, ಹೊಡೆದದ್ದು ಮತ್ತೆ ಸರಿ ಮಾಡ್ಲಿಕ್ಕೆ ಬರುದಿಲ್ಲ. ಮೊದಲು ಕ್ಯಾಸೆಟ್ ಓಡಿಸಿ ಯುದ್ಧದ ಸನ್ನಿವೇಶ ಹುಡುಕಿ, ಅಲ್ಲಿ ಅತಿ ಎತ್ತರದ ಪೆಟ್ಟು ಮೈನಸ್ 6 ಡೆಸಿಬಲ್ ಹತ್ತಿರ ನಿಲ್ಲುವ ಹಾಗೆ ಇಟ್ಟು, ಮತ್ತೆ ಮುಟ್ಟದೆ ಆರಂಭದಿಂದ ರೆಕಾರ್ಡ್ ಮಾಡಿ.

ಕಾಪು_ಲೈಟ್‌ಹೌಸ್ · 9:41
ಮತ್ತೆ ಸ್ಕ್ರೀನ್ ಸೇವರ್ ತೆಗೆದಿಡಿ. 64 ಎಂಬಿ ರ್‍ಯಾಮಿನಲ್ಲಿ ಅದು ಎದ್ದರೆ ರೆಕಾರ್ಡಿಂಗ್ ನಡುವೆ ಒಂದು ತಾಳ ಮಾಯ.

ಪಡುಬಿದ್ರಿ_ಪಿಸಿ · 9:44
ಲೈನ್-ಇನ್ ಯಾವುದು, ಮೈಕ್ ಯಾವುದು? ಮೂರೂ ತೂತು ಕಪ್ಪು.

ಸ್ಲಾಟ್_ಶೆಟ್ಟಿ · 9:50
ತಗಡಿನ ಮೇಲೆ ಒತ್ತಿದ ಅಚ್ಚು ಇರ್ತದೆ, ಟಾರ್ಚ್ ಬದಿಯಿಂದ ಹಿಡೀರಿ. ಇಲ್ಲಾಂದ್ರೆ ಎಂತದ್ದಾದ್ರೂ ಹಾಡು ಹಾಕಿ, ಸ್ವರ ಸಣ್ಣಕ್ಕೆ ಇಟ್ಟು, ಸ್ಪೀಕರ್ ಒಂದೊಂದಕ್ಕೆ ಚುಚ್ಚಿ. ಶಬ್ದ ಬಂದದ್ದು ಔಟ್. ಉಳಿದ ಎರಡರಲ್ಲಿ ಡೆಕ್ಕಿನ ಶಬ್ದ ಒಡೆದು ಗಟ್ಟಿಯಾಗಿ ಬಂದ್ರೆ ಅದು ಮೈಕ್, ಇನ್ನೊಂದು ನಿಮ್ಮ ಲೈನ್-ಇನ್.